‘ಸ್ಟಾರ್ಟ್ ಆಯ್ತಲ್ಲ ಸರ್, ಇನ್ನೇನು ಪ್ರಾಬ್ಲಂ?’

ಕೆಲಸ ಹುಡುಕುವವರಿಗೆಲ್ಲ ಈ ಸಾಲು ಬಾಯಿಪಾಠ: ‘ಸ್ವಂತ ದ್ವಿಚಕ್ರ ವಾಹನ ಮತ್ತು ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ’. ಔಷಧ ಕಂಪನಿಯ ರೆಪ್, ಮೈಕ್ರೊಫೈನಾನ್ಸಿನ ಫೀಲ್ಡ್ ಆಫೀಸರ್, ಕೊರಿಯರ್, ಫುಡ್ ಡೆಲಿವರಿ, ಬೀಜ–ಗೊಬ್ಬರದ ಸೇಲ್ಸ್... ಡಿಗ್ರಿ ಮುಗಿಸಿ ಹೊರಬಂದವರಿಗೆ ಬೇಗ ಸಿಗುವ ಎಷ್ಟೋ ಕೆಲಸಗಳು ಎರಡು ಚಕ್ರದ ಮೇಲೆಯೇ ನಿಂತಿವೆ. ಮೊದಲ ಸಂಬಳ ಕೈಗೆ ಬರುವ ಮುಂಚೆಯೇ ಬೈಕು ಮನೆಗೆ ಬರಬೇಕು. ಅದಕ್ಕೆ ಸಾಲ ಆಗಬೇಕು. ಸಾಲದ ಹಿಂದೆಯೇ ಕಂತು ಶುರುವಾಗುತ್ತದೆ. ಈ ಲೆಕ್ಕದಲ್ಲಿ ಯಾರೂ ಬರೆದುಕೊಳ್ಳದ ಕಲಂ ಒಂದಿದೆ: ಆ ಹೊಸ ಬೈಕೇ ಪದೇ ಪದೇ ಕೆಟ್ಟು ನಿಂತರೆ ಏನು ಮಾಡುವುದು?

ನನ್ನದು ಮಂಡ್ಯ. ಬಿ.ಎಸ್ಸಿ ಮುಗಿಸಿ ಒಂದು ವರ್ಷ ಖಾಲಿ ಕೂತ ಮೇಲೆ ಔಷಧ ಕಂಪನಿಯೊಂದರಲ್ಲಿ ಮೆಡಿಕಲ್ ರೆಪ್ ಕೆಲಸ ಸಿಕ್ಕಿತು. ಸಂಬಳ 18 ಸಾವಿರ, ಆರು ತಿಂಗಳ ಪ್ರೊಬೇಷನ್. ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರದ ಡಾಕ್ಟರುಗಳನ್ನೂ ಮೆಡಿಕಲ್ ಶಾಪ್‌ಗಳನ್ನೂ ಸುತ್ತುವ ಕೆಲಸ. ದಿನಕ್ಕೆ ಐವತ್ತು ಕಿಲೊಮೀಟರಿಗೆ ಕಡಿಮೆ ಇಲ್ಲ. ಅವ್ವ ಚೀಟಿ ಎತ್ತಿ 30 ಸಾವಿರ ಕೊಟ್ಟಳು. ಉಳಿದ 82 ಸಾವಿರಕ್ಕೆ ಸಾಲ, ತಿಂಗಳಿಗೆ 2,950 ರೂಪಾಯಿಯಂತೆ 36 ಕಂತು. ಆಯುಧಪೂಜೆಯ ಹಿಂದಿನ ದಿನ 125 ಸಿಸಿಯ ಹೊಸ ಬೈಕು ಮನೆ ಮುಂದೆ ನಿಂತಿತು.

ಹನ್ನೆರಡನೇ ದಿನ, ಮೀಟರಿನಲ್ಲಿ 560 ಕಿ.ಮೀ ಇದ್ದಾಗ, ಸಂಜಯ ಸರ್ಕಲ್ ಹತ್ತಿರ ಬಲಕ್ಕೆ ತಿರುಗುತ್ತಿದ್ದಂತೆ ಎಂಜಿನ್ ಪಟ್ಟನೆ ಆಫ್ ಆಯಿತು. ಕೆಮ್ಮಲಿಲ್ಲ, ಕುಂಟಲಿಲ್ಲ. ಮನೆಯಲ್ಲಿ ಕರೆಂಟ್ ಹೋಗುತ್ತದಲ್ಲ, ಹಾಗೆ. ಮೀಟರ್ ಒಂದು ಕ್ಷಣ ಕತ್ತಲಾಗಿ, ಕೀ ಆನ್ ಮಾಡಿದಾಗ ಮಾಡುವ ಸ್ವಾಗತದ ಆಟವನ್ನೆಲ್ಲ ಇನ್ನೊಮ್ಮೆ ಆಡಿತು. ಸೆಲ್ಫ್ ಒತ್ತಿದೆ, ಒಂದೇ ಸಲಕ್ಕೆ ಸ್ಟಾರ್ಟ್. ಹಿಂದಿನಿಂದ ಹಾರನ್ ಹೊಡೆಯುತ್ತಿದ್ದವರು ಬೈದುಕೊಂಡು ಮುಂದೆ ಹೋದರು. ಮೂರು ದಿನಕ್ಕೆ ಮತ್ತೆ ಅದೇ. ಆಮೇಲೆ ಒಂದು ವಾರ ಏನೂ ಇಲ್ಲ. ಆಮೇಲೆ ಒಂದೇ ದಿನ ಎರಡು ಸಲ.

ಪೂರ್ತಿ ಕೆಟ್ಟು ನಿಂತ ಗಾಡಿಯ ಕಷ್ಟ ಒಂದು ದಿನದ್ದು. ತಳ್ಳಿಕೊಂಡು ಹೋಗಿ ಬಿಟ್ಟರೆ ಮೆಕ್ಯಾನಿಕ್ಕಿಗೆ ಕಣ್ಣೆದುರೇ ಕಾಣುತ್ತದೆ, ರಿಪೇರಿ ಆಗುತ್ತದೆ. ಬಂದು ಹೋಗುವ ಕಾಯಿಲೆ ಹಾಗಲ್ಲ. ಶೋರೂಮಿನ ಬಾಗಿಲಲ್ಲಿ ಅದು ಮಾಯ. ಡಾಕ್ಟರ ಮುಂದೆ ಕೂತ ಕೂಡಲೇ ಹಲ್ಲುನೋವು ನಿಂತುಹೋಗುವ ಹಾಗೆ.

ಮೂರು ಭೇಟಿ, ಮೂರು ಔಷಧಿ

ಮೊದಲ ಫ್ರೀ ಸರ್ವಿಸ್‌ಗೆ ಹೋದಾಗ ಹೇಳಿದೆ. ಸರ್ವಿಸ್ ಅಡ್ವೈಸರ್ ಬ್ಯಾಟರಿಯ ಟರ್ಮಿನಲ್ ಟೈಟ್ ಮಾಡಿಸಿದರು. ‘ಹೊಸ ಗಾಡೀಲಿ ಇದು ಕಾಮನ್ ಸರ್’ ಎಂದರು. ಅದು ಸುಳ್ಳೂ ಅಲ್ಲ. ಹೊಸ ಗಾಡಿಯಲ್ಲಿ ಬ್ಯಾಟರಿಯ ಬೋಲ್ಟ್ ಸಡಿಲ ಉಳಿಯುವುದುಂಟು. ಐದೇ ದಿನಕ್ಕೆ ಕಾಯಿಲೆ ವಾಪಸ್ ಬಂತು.

ಎರಡನೇ ಸಲ, 1,450 ಕಿ.ಮೀ. ‘ಪೆಟ್ರೋಲ್ ಸರಿ ಇಲ್ಲ, ಬಂಕ್ ಬದಲಾಯಿಸಿ’ ಎಂಬ ಸಲಹೆ ಸಿಕ್ಕಿತು. ಥ್ರಾಟಲ್ ಬಾಡಿ ಕ್ಲೀನ್ ಮಾಡಿ, ಹೊಸ ಪ್ಲಗ್ ಹಾಕಿದರು. ಕಂಪ್ಯೂಟರ್ ಸ್ಕ್ಯಾನರ್ ಜೋಡಿಸಿ ನೋಡಿದರು. ಒಂದೂ ಎರರ್ ಇಲ್ಲ. ಹುಡುಗನೊಬ್ಬ ಶೋರೂಮಿನ ಮುಂದಿನ ನೇರ ರಸ್ತೆಯಲ್ಲಿ ಎರಡು ಕಿಲೊಮೀಟರ್ ಓಡಿಸಿಕೊಂಡು ಬಂದ. ಏನೂ ಆಗಲಿಲ್ಲ. ‘ಸ್ಟಾರ್ಟ್ ಆಯ್ತಲ್ಲ ಸರ್, ಇನ್ನೇನು ಪ್ರಾಬ್ಲಂ?’

ಮೂರನೇ ಸಲ, 2,900 ಕಿ.ಮೀ. ಸೈಡ್ ಸ್ಟ್ಯಾಂಡ್ ಸ್ವಿಚ್ ಬದಲಾಯಿಸಿದರು. ಸ್ಟ್ಯಾಂಡ್ ಇಳಿಸಿಕೊಂಡೇ ಗೇರ್ ಹಾಕಿದರೆ ಎಂಜಿನ್ ಆಫ್ ಮಾಡುವ ಸ್ವಿಚ್ ಅದು. ಕೆಸರು ಕೂತರೆ ತಪ್ಪು ಸಂದೇಶ ಕೊಡುತ್ತದೆ. ಇದೂ ಒಪ್ಪಬಹುದಾದ ಅನುಮಾನವೇ. ಆದರೆ ಫಲ ಮಾತ್ರ ಸೊನ್ನೆ.

ಪ್ರತಿ ಭೇಟಿಗೂ ಅರ್ಧ ದಿನ ಕಳೆಯುತ್ತಿತ್ತು. ನಮ್ಮ ಕೆಲಸದಲ್ಲಿ ಅರ್ಧ ದಿನ ಎಂದರೆ ನಾಲ್ಕೈದು ಡಾಕ್ಟರ್ ಭೇಟಿ ಖೋತಾ. ದಿನದ ವರದಿಯಲ್ಲಿ ಸಂಖ್ಯೆ ಕಡಿಮೆಯಾದಾಗಲೆಲ್ಲ ಮ್ಯಾನೇಜರ್ ಫೋನು ಬರುತ್ತಿತ್ತು. ‘ಹೊಸ ಬೈಕ್ ಅಂತೀರಿ, ಕೆಟ್ಟಿದೆ ಅಂತೀರಿ. ಯಾವುದಾದರೂ ಒಂದು ಹೇಳಿ’ ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಪ್ರೊಬೇಷನ್ ಮುಗಿಯಲು ಮೂರು ತಿಂಗಳಿತ್ತು.

ಡಿಸೆಂಬರಿನಲ್ಲಿ ಮದ್ದೂರು ಹತ್ತಿರ ಆದದ್ದಂತೂ ಈಗಲೂ ನೆನಪಾದರೆ ಅಂಗೈ ಬೆವರುತ್ತದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲವಲ್ಲ, ನಾವೆಲ್ಲ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅಂಡರ್‌ಪಾಸಿಗೆ ಬಲಕ್ಕೆ ತಿರುಗುವಾಗ ರಸ್ತೆಯ ನಡುಮಧ್ಯೆ ಎಂಜಿನ್ ಆಫ್. ಹಿಂದೆ ಸಾರಿಗೆ ಬಸ್ಸು. ಡ್ರೈವರ್ ಹಾಕಿದ ಬ್ರೇಕಿಗೆ ಬಸ್ಸು ನನ್ನಿಂದ ಮಾರು ದೂರದಲ್ಲಿ ನಿಂತಿತು. ಅವರು ಕಿಟಕಿಯಿಂದ ತಲೆ ಹಾಕಿ, ‘ಮನೇಲಿ ಹೇಳಿ ಬಂದಿದ್ದೀಯೇನಪ್ಪಾ?’ ಎಂದರು. ಇನ್ನು ಈ ಬೈಕಿನ ವಿಷಯವನ್ನು ‘ಅಡ್ಜಸ್ಟ್’ ಮಾಡಿಕೊಂಡು ಹೋಗುವ ಹಾಗಿಲ್ಲ ಎಂಬುದು ಅವತ್ತೇ ಖಚಿತವಾಯಿತು.

ನೋಟ್‌ಬುಕ್ಕಿನ ಹದಿನಾಲ್ಕು ಸಾಲು

ಎರಡನೇ ಸಲ ಬೈಕು ನಿಂತಾಗಿನಿಂದ ನಾನೊಂದು ನೋಟ್‌ಬುಕ್ ಇಟ್ಟಿದ್ದೆ. ಕಂಪನಿಗೆ ದಿನಾ ವರದಿ ಬರೆಯುವ ಅಭ್ಯಾಸ ಇತ್ತಲ್ಲ, ಅದೇ ಪ್ರಕಾರ ಬೈಕಿಗೂ ಒಂದು. ಕಲಂಗಳು ಇಷ್ಟೇ: ತಾರೀಖು, ಹೊತ್ತು, ಎಷ್ಟು ಕಿ.ಮೀ ಓಡಿದೆ, ಯಾವ ಜಾಗ, ಸ್ಪೀಡ್ ಎಷ್ಟಿತ್ತು, ನೇರ ಹೋಗುತ್ತಿದ್ದೆನೋ ತಿರುಗುತ್ತಿದ್ದೆನೋ, ಪೆಟ್ರೋಲ್ ಎಷ್ಟಿತ್ತು, ಮಳೆಯೋ ಬಿಸಿಲೋ, ಮೀಟರಿನಲ್ಲಿ ಏನು ಕಂಡಿತು, ಮತ್ತೆ ಹೇಗೆ ಸ್ಟಾರ್ಟ್ ಆಯಿತು. ಸಂಕ್ರಾಂತಿಯ ಹೊತ್ತಿಗೆ ಅದರಲ್ಲಿ ಹದಿನಾಲ್ಕು ಸಾಲುಗಳಿದ್ದವು.

ಹಬ್ಬಕ್ಕೆ ಸೋದರಮಾವ ಬಂದರು. ಅವರು ಮೂವತ್ತು ವರ್ಷ ಗ್ಯಾರೇಜು ನಡೆಸಿದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳ ಮೇಲೆ ಕೈ ಪಳಗಿಸಿಕೊಂಡವರು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಬೈಕುಗಳು ನಮ್ಮ ಕಡೆ ಇನ್ನೂ ಅಲ್ಲಲ್ಲಿ ಓಡುತ್ತಿವೆ. ಕಿಕ್ಕರನ್ನೇ ಮಡಚಿ ಗೇರ್ ಮಾಡಿಕೊಳ್ಳುವ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕುವ ಗಾಡಿಗಳವು. ಪ್ಲಗ್ ಬಿಚ್ಚಿ ಸ್ಯಾಂಡ್‌ಪೇಪರ್ ಉಜ್ಜುವುದು, ಕಾರ್ಬುರೇಟರ್ ಕ್ಲೀನ್ ಮಾಡುವುದು ಆ ಕಾಲದ ಸವಾರರಿಗೆಲ್ಲ ಗೊತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ಬಂದ ಮೇಲೆ ನಮ್ಮ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬುದನ್ನೆಲ್ಲ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಹೀಗಾಗಿ ಮಾವನಿಂದ ದೊಡ್ಡದೇನನ್ನೂ ನಾನು ನಿರೀಕ್ಷಿಸಿರಲಿಲ್ಲ.

ಅವರು ಬೈಕ್ ಮುಟ್ಟಲೇ ಇಲ್ಲ. ಎಳ್ಳುಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತ, ‘ಬರೆದಿರೋದು ಓದ್ಲಾ’ ಎಂದರು. ಓದಿದೆ.

‘ಸ್ಪೀಡಿಂದು ಮಾತ್ರ ಓದು.’

ಹನ್ನೆರಡು, ಹತ್ತು, ಎಂಟು, ಹದಿನೈದು, ಸೊನ್ನೆ, ಹತ್ತು... ಒಂದು ಸಾಲಿನಲ್ಲೂ ಇಪ್ಪತ್ತು ದಾಟಿರಲಿಲ್ಲ.

‘ಈಗ ತಿರುಗಿದ್ದು ಓದು.’

ಹನ್ನೊಂದು ಸಲ ಬಲಕ್ಕೆ ತಿರುವು ಅಥವಾ ಯು–ಟರ್ನ್. ಮೂರು ಸಲ, ಸ್ಟಾರ್ಟ್‌ನಲ್ಲೇ ಇಟ್ಟುಕೊಂಡು ಪಾರ್ಕಿಂಗ್‌ನಿಂದ ಹಿಂದಕ್ಕೆ ತೆಗೆಯುವಾಗ.

‘ಮೀಟ್ರಲ್ಲಿ ಗಡಿಯಾರ ಐತಲ್ಲ, ಅದು ಟೈಮು ತಪ್ಪಿತ್ತಾ?’

ಇಲ್ಲ. ಮೀಟರ್ ಆಫ್ ಆಗಿ ಆನ್ ಆಗುತ್ತಿತ್ತು, ಟೈಮು ಮಾತ್ರ ಸರಿಯಾಗೇ ಇರುತ್ತಿತ್ತು. ಅದನ್ನೂ ಬರೆದಿದ್ದೆ.

‘ಹಂಗಾದ್ರೆ ಬ್ಯಾಟ್ರಿ ಅಲ್ಲ ಕಣ್ಲಾ. ಬ್ಯಾಟ್ರಿ ಕನೆಕ್ಷನ್ನೇ ತಪ್ಪಿದ್ರೆ ಗಡಿಯಾರನೂ ಮೊದಲಿಂದ ಶುರುವಾಗ್ತಿತ್ತು. ಕೀ ಇಂದ ಆಚೆಗೆ ಕರೆಂಟು ಕಟ್ಟಾಗ್ತಾ ಐತೆ. ಹ್ಯಾಂಡ್ಲು ಬಲಕ್ಕೆ ಪೂರ್ತಿ ಹೋದಾಗ.’

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲ್ಲನ್ನು ನಿಧಾನಕ್ಕೆ ಎಡದ ತುದಿಯಿಂದ ಬಲದ ತುದಿಗೆ ತಿರುಗಿಸಲು ಹೇಳಿದರು. ಮೂರು ಸಲ ಏನೂ ಆಗಲಿಲ್ಲ. ನಾಲ್ಕನೇ ಸಲ, ಬಲದ ತುದಿ ಮುಟ್ಟುತ್ತಿದ್ದಂತೆ ಎಂಜಿನ್ ಪಟ್ಟನೆ ಆಫ್. ನನ್ನ ತಂಗಿ ಅದನ್ನು ಮೊಬೈಲಿನಲ್ಲಿ ಹಿಡಿದಳು. ಮೀಟರಿನ ಕಿ.ಮೀ, ಹ್ಯಾಂಡಲ್ ಇದ್ದ ಕೋನ, ಎಲ್ಲ ಒಂದೇ ವಿಡಿಯೊದಲ್ಲಿ ಸ್ಪಷ್ಟ.

ಬಿಚ್ಚಿ ನೋಡೋಣವೇ ಎಂದೆ. ಮಾವ ಒಪ್ಪಲಿಲ್ಲ. ‘ವಾರಂಟಿ ಗಾಡಿಗೆ ಹೊರಗಡೆಯವ್ರು ಕೈ ಹಾಕಿದ್ರೆ, ಕೆಡಿಸಿದ್ದು ನೀವೇ ಅಂತಾರೆ. ತಗೊಂಡು ಹೋಗಿ ಅವರ ಕೈಲೇ ಬಿಚ್ಚಿಸು.’

ಕಾಯಿಲೆಯ ಭಾಷೆ ತಿಳಿಯಬೇಕು

ಅವತ್ತು ಮಾವ ಹೇಳಿದ್ದನ್ನು, ಆಮೇಲೆ ಶೋರೂಮಿನ ಹುಡುಗನಿಂದ ಕೇಳಿ ತಿಳಿದದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಓಡುತ್ತಿರುವ ಬೈಕು ಆಫ್ ಆದಾಗ ಇದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.

ಎಂಜಿನ್ ಹೇಗೆ ಸಾಯುತ್ತದೆ ಎಂಬುದನ್ನು ಗಮನಿಸಿ. ಕೆಮ್ಮಿ, ಜಗ್ಗಿ, ಎಳೆತ ಕಮ್ಮಿಯಾಗಿ ನಿಂತರೆ ಮೊದಲ ಅನುಮಾನ ಪೆಟ್ರೋಲಿನ ದಾರಿಯ ಮೇಲೆ: ಪಂಪು, ಫಿಲ್ಟರ್, ಇಂಜೆಕ್ಟರ್, ನೀರು ಸೇರಿದ ಪೆಟ್ರೋಲ್. ಸ್ವಿಚ್ ಒತ್ತಿದ ಹಾಗೆ ಪಟ್ಟನೆ ನಿಂತರೆ ಅನುಮಾನ ವಿದ್ಯುತ್ತಿನ ಮೇಲೆ.

ಆಮೇಲೆ ಮೀಟರ್ ನೋಡಿ. ಎಂಜಿನ್ ಆಫ್ ಆದರೂ ಮೀಟರ್ ಬೆಳಗುತ್ತಲೇ ಇದ್ದರೆ ಸೈಡ್ ಸ್ಟ್ಯಾಂಡ್ ಸ್ವಿಚ್, ಪ್ಲಗ್, ಕಾಯಿಲ್, ಸೆನ್ಸರ್ ಇತ್ಯಾದಿ ಕಡೆ ಹುಡುಕಬೇಕು. ಮೀಟರೂ ಕತ್ತಲಾದರೆ ಇಡೀ ಗಾಡಿಗೇ ಕರೆಂಟ್ ತಪ್ಪಿದೆ ಎಂದರ್ಥ. ಆಗ ನೋಡಬೇಕಾದದ್ದು ಬ್ಯಾಟರಿ ಟರ್ಮಿನಲ್, ಫ್ಯೂಸ್, ಇಗ್ನಿಷನ್ ಸ್ವಿಚ್ ಮತ್ತು ಅವುಗಳ ನಡುವಿನ ವೈರು. ನನ್ನ ಬೈಕಿನಲ್ಲಿ ಪ್ರತಿಸಲ ಮೀಟರ್ ಕತ್ತಲಾಗುತ್ತಿತ್ತು. ಎಂದರೆ ಪೆಟ್ರೋಲ್, ಪ್ಲಗ್, ಸೈಡ್ ಸ್ಟ್ಯಾಂಡ್ ಮೂರೂ ಮೊದಲೇ ಪಟ್ಟಿಯಿಂದ ಹೊರಗೆ ಹೋಗಬೇಕಿತ್ತು.

ಸ್ಕ್ಯಾನರಿನಲ್ಲಿ ಎರರ್ ಯಾಕೆ ಬರಲಿಲ್ಲ? ಇಸಿಯುಗೇ ಕರೆಂಟ್ ನಿಂತುಹೋದರೆ, ಅದರ ಪಾಲಿಗೆ ಅದು ಸವಾರ ಕೀ ಆಫ್ ಮಾಡಿದ ಹಾಗೆ. ದೋಷ ಎಂದು ಬರೆದಿಟ್ಟುಕೊಳ್ಳಲು ಅದಕ್ಕೇನೂ ಕಾರಣವಿಲ್ಲ. ‘ಕಂಪ್ಯೂಟರಲ್ಲಿ ಏನೂ ತೋರಿಸ್ತಿಲ್ಲ’ ಎಂದರೆ ಗಾಡಿಯಲ್ಲಿ ಏನೂ ಇಲ್ಲ ಎಂದಲ್ಲ.

ಟೆಸ್ಟ್ ರೈಡ್‌ನಲ್ಲಿ ಯಾಕೆ ಸಿಗಲಿಲ್ಲ? ನೇರ ರಸ್ತೆಯಲ್ಲಿ, ನಲವತ್ತರ ಸ್ಪೀಡಿನಲ್ಲಿ ಹ್ಯಾಂಡಲ್ ತಿರುಗುವುದೇ ಇಲ್ಲವೆನ್ನುವಷ್ಟು ಕಡಿಮೆ. ತುದಿಯವರೆಗೆ ತಿರುಗುವುದು ನಡಿಗೆಯ ವೇಗದಲ್ಲಿ ಮಾತ್ರ. ನನಗದು ಆಗುತ್ತಿದ್ದದ್ದು ಸರ್ಕಲ್‌ಗಳಲ್ಲಿ, ಆಸ್ಪತ್ರೆಯ ಪಾರ್ಕಿಂಗ್‌ಗಳಲ್ಲಿ. ಅವರು ಪರೀಕ್ಷಿಸುತ್ತಿದ್ದದ್ದು ಕಾಯಿಲೆ ಬರಲು ಸಾಧ್ಯವೇ ಇಲ್ಲದ ಕಡೆ.

ಟೇಪ್ ಸುತ್ತಿದ ರಿಪೇರಿ

ನಾಲ್ಕನೇ ಭೇಟಿಗೆ ವಿಡಿಯೊ, ನೋಟ್‌ಬುಕ್ಕಿನ ಜೆರಾಕ್ಸ್ ಎರಡೂ ಕೊಂಡೊಯ್ದೆ. ಈ ಸಲ ಕೂಗಾಟ ಇಲ್ಲ, ವಾದ ಇಲ್ಲ. ಐಟಿಐ ಮುಗಿಸಿದ, ನನ್ನದೇ ವಯಸ್ಸಿನ ಟೆಕ್ನಿಷಿಯನ್ ಒಬ್ಬನನ್ನು ಕರೆದರು. ಅವನು ಹೆಡ್‌ಲೈಟ್ ಬಿಚ್ಚಿ, ಬೆರಳಿನಿಂದ ವೈರುಗಳನ್ನು ಒಂದೊಂದಾಗಿ ಅಲುಗಾಡಿಸುತ್ತ ಹೋದ. ಇಗ್ನಿಷನ್ ಸ್ವಿಚ್ಚಿನಿಂದ ಇಳಿಯುವ ವೈರುಗಳ ಕಟ್ಟನ್ನು ಒಂದು ಪ್ಲಾಸ್ಟಿಕ್ ಟೈ ಹಾಕಿ ಫ್ರೇಮಿಗೆ ತೀರಾ ಬಿಗಿಯಾಗಿ ಕಟ್ಟಿದ್ದರು. ಹ್ಯಾಂಡಲ್ ಬಲಕ್ಕೆ ಹೋದಾಗಲೆಲ್ಲ ವೈರು ಅದೇ ಜಾಗದಲ್ಲಿ ಜಗ್ಗಿ ಮಡಚಿಕೊಳ್ಳುತ್ತಿತ್ತು. ಮೇಲಿನ ಪ್ಲಾಸ್ಟಿಕ್ ಹೊದಿಕೆ ನೆಟ್ಟಗಿತ್ತು, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿದಿದ್ದವು. ಉಳಿದ ಎಳೆಗಳು ಒಮ್ಮೊಮ್ಮೆ ತಾಕುತ್ತಿದ್ದವು, ಒಮ್ಮೊಮ್ಮೆ ಇಲ್ಲ. ಕಾಯಿಲೆ ಬಂದು ಹೋಗುತ್ತಿದ್ದ ಗುಟ್ಟು ಇಷ್ಟೇ.

‘ಹೊರಗಡೆಯಿಂದ ನೋಡಿದ್ರೆ ಜನ್ಮದಲ್ಲಿ ಗೊತ್ತಾಗ್ತಿರಲಿಲ್ಲ ಸರ್’ ಎಂದ ಅವನು. ನಿಜವೇ.

ಆದರೆ ಅಡ್ವೈಸರ್ ಮಾಡಿಸಿದ್ದೇನು? ವೈರನ್ನು ಅಲ್ಲೇ ಕತ್ತರಿಸಿ, ಜೋಡಿಸಿ, ಟೇಪ್ ಸುತ್ತಿಸಿದರು. ಪೂರ್ತಿ ವೈರಿಂಗ್ ಕಿಟ್ ಬದಲಾಯಿಸಿ ಎಂದು ಕೇಳಿದೆ. ‘ಅಷ್ಟಕ್ಕೆಲ್ಲ ಕಂಪನಿ ಅಪ್ರೂವಲ್ ಕೊಡಲ್ಲ, ಇದು ಸಾಕು’ ಎಂದರು. ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆದಿತ್ತು. ಅದನ್ನು ಹೊಡೆದುಹಾಕಿಸಿ, ‘ಹ್ಯಾಂಡಲ್ ಬಲಕ್ಕೆ ತಿರುಗಿಸಿದಾಗ ಎಂಜಿನ್ ಆಫ್ ಆಗುವ ದೂರು, ನಾಲ್ಕನೇ ಭೇಟಿ, ಇಗ್ನಿಷನ್ ವೈರ್ ತುಂಡಾಗಿತ್ತು, ಜೋಡಿಸಲಾಗಿದೆ’ ಎಂದು ಬರೆಸಿ, ಸೀಲು ಹಾಕಿಸಿಕೊಂಡು ಬಂದೆ. ಈ ಒಂದು ಸಾಲಿಗಾಗಿ ಮುಕ್ಕಾಲು ಗಂಟೆ ಕಾದೆ. ಮುಂದಿನದೆಲ್ಲ ನಡೆದದ್ದು ಆ ಸಾಲಿನ ಬಲದ ಮೇಲೆ.

ನಾಲ್ಕು ವಾರ ಬೈಕು ಚೆನ್ನಾಗಿ ಓಡಿತು. 5,100 ಕಿ.ಮೀ ಆದಾಗ, ಮಳವಳ್ಳಿ ಬಸ್ ಸ್ಟ್ಯಾಂಡ್ ಎದುರು, ಬಲಕ್ಕೆ ತಿರುಗುವಾಗ ಮತ್ತೆ ಕತ್ತಲೆ.

ಬರವಣಿಗೆಯ ಜಗಳ

ಬಾಯಿಮಾತು ಅಲ್ಲಿಗೆ ನಿಲ್ಲಿಸಿದೆ. ಕಂಪನಿಯ ಗ್ರಾಹಕ ಸೇವೆಯ ವಿಳಾಸಕ್ಕೆ, ಡೀಲರ್‌ಗೂ ಪ್ರತಿ ಹೋಗುವಂತೆ, ಇಮೇಲ್ ಬರೆದೆ. ಸಿಟ್ಟಿನ ಒಂದು ಪದವೂ ಇಲ್ಲದ ಒಂದೇ ಪುಟ. ಚಾಸಿ ನಂಬರ್, ಕೊಂಡ ದಿನ, ನಾಲ್ಕು ಭೇಟಿಗಳ ತಾರೀಖು ಮತ್ತು ಜಾಬ್ ಕಾರ್ಡ್ ನಂಬರ್, ಪ್ರತಿಸಲ ಏನು ಬದಲಾಯಿಸಿದರು, ಎಷ್ಟು ದಿನಕ್ಕೆ ದೋಷ ಮರುಕಳಿಸಿತು. ಕೊನೆಯಲ್ಲಿ ಎರಡು ಬೇಡಿಕೆ: ವಾರಂಟಿಯಲ್ಲಿ ವೈರಿಂಗ್ ಕಿಟ್ ಪೂರ್ತಿ ಬದಲಾಯಿಸಬೇಕು, ಹದಿನೈದು ದಿನದಲ್ಲಿ ಲಿಖಿತ ಉತ್ತರ ಬೇಕು. ವಿಡಿಯೊ ಲಗತ್ತಿಸಿದೆ. ವಾರವಾದರೂ ಬಂದದ್ದು ‘ನಿಮ್ಮ ದೂರು ನಮಗೆ ಮುಖ್ಯ’ ಎಂಬ ತಾನೇ ತಾನಾಗಿ ಬರುವ ಉತ್ತರ ಮಾತ್ರ.

ಆಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಸಹಾಯವಾಣಿ ಕೋರ್ಟ್ ಅಲ್ಲ, ಯಾರಿಗೂ ಆದೇಶ ಕೊಡುವ ಅಧಿಕಾರ ಅದಕ್ಕಿಲ್ಲ. ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ, ಅಷ್ಟೇ. ನನ್ನ ವಿಷಯದಲ್ಲಿ ಆ ‘ಅಷ್ಟೇ’ ಸಾಕಾಯಿತು. ಆರನೇ ದಿನ ಕಂಪನಿಯ ಏರಿಯಾ ಸರ್ವಿಸ್ ಮ್ಯಾನೇಜರ್ ಫೋನು ಮಾಡಿ, ಬೈಕ್ ತಂದು ಬಿಡಲು ಹೇಳಿದರು. ‘ಇದನ್ನೇ ಒಂದು ಇಮೇಲ್ ಮಾಡಿ ಸರ್’ ಎಂದೆ. ಮಾಡಿದರು.

ಅಷ್ಟರಲ್ಲಿ ಮುಂದಿನ ಹೆಜ್ಜೆ ಏನೆಂದೂ ಓದಿಕೊಂಡಿದ್ದೆ. ಗೆಳೆಯರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಇದರಡಿ ನಾವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ದೆಹಲಿಯಲ್ಲೋ ಪುಣೆಯಲ್ಲೋ ಇದ್ದರೆ ಅಲ್ಲಿಗೆ ಅಲೆಯಬೇಕಿಲ್ಲ. ಕೊಂಡ ವಸ್ತುವಿನ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಇ–ದಾಖಿಲ್ ಎಂದಿದ್ದ ಆನ್‌ಲೈನ್ ವ್ಯವಸ್ಥೆ ಈಗ ಇ–ಜಾಗೃತಿ ಪೋರ್ಟಲ್‌ನಲ್ಲಿ ಸೇರಿದೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ತಯಾರಕರು, ಡೀಲರ್ ಇಬ್ಬರನ್ನೂ ಪ್ರತಿವಾದಿ ಮಾಡಬಹುದು.

ಡೆಲಿವರಿ ಕೆಲಸ ಮಾಡುವವರಿಗೊಂದು ಮಾತು. ‘ವ್ಯಾಪಾರಕ್ಕೆ ಬಳಸಿದ ಗಾಡಿ, ನೀವು ಗ್ರಾಹಕರೇ ಅಲ್ಲ’ ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವುದನ್ನು ಕಾಯ್ದೆ ವಾಣಿಜ್ಯ ಉದ್ದೇಶ ಎಂದು ಎಣಿಸುವುದಿಲ್ಲ.

ಹಾಗೆಂದು ‘ಹೊಸ ಬೈಕೇ ಕೊಡಿ’ ಎಂಬ ಬೇಡಿಕೆ ಸುಲಭವಾಗಿ ಈಡೇರುವುದಿಲ್ಲ. ಕಾರಿನ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯ ಷರತ್ತಿನಂತೆ ದೋಷವಿರುವ ಭಾಗ ಬದಲಾಯಿಸಿಕೊಡಬೇಕೇ ಹೊರತು ಇಡೀ ವಾಹನವನ್ನಲ್ಲ ಎಂದಿತ್ತು. ಗ್ರಾಹಕರು ಪಟ್ಟ ಕಷ್ಟಕ್ಕೆ ಪರಿಹಾರವನ್ನೂ ಕೊಡಿಸಿತ್ತು. ಅಮೆರಿಕದಲ್ಲಿ, 1982ರಲ್ಲಿ ಕನೆಕ್ಟಿಕಟ್ ರಾಜ್ಯದಿಂದ ಶುರುವಾಗಿ, ಪದೇ ಪದೇ ಕೆಡುವ ಹೊಸ ವಾಹನಗಳಿಗೆಂದೇ ‘ಲೆಮನ್ ಲಾ’ ಎಂಬ ಕಾನೂನುಗಳಿವೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆದ್ದರಿಂದ ಬೇಡಿಕೆ ಕೈಗೆಟಕುವಂತಿರಲಿ. ನಾನು ವೈರಿಂಗ್ ಕಿಟ್ ಕೇಳಿದೆ, ಬೈಕ್ ಕೇಳಲಿಲ್ಲ.

ಇನ್ನೊಂದು ವಿಷಯ ಕಂತಿನದ್ದು. ‘ಗಾಡಿ ಸರಿ ಮಾಡಿಕೊಡೋವರೆಗೂ ಇಎಂಐ ಕಟ್ಟಬೇಡ’ ಎಂದು ನನಗೆ ಸಲಹೆ ಕೊಟ್ಟವರು ಮೂರು ಜನ. ಸಾಲ ಕೊಟ್ಟವರು ಬೇರೆ, ಬೈಕ್ ಮಾರಿದವರು ಬೇರೆ. ಕಂತು ನಿಲ್ಲಿಸಿದರೆ ಪೆಟ್ಟು ಬೀಳುವುದು ನಮ್ಮ ಸಿಬಿಲ್ ಸ್ಕೋರಿಗೆ. ಬೈಕು ಶೋರೂಮಿನಲ್ಲಿ ಮಲಗಿದ್ದ ತಿಂಗಳೂ ನಾನು 2,950 ಕಟ್ಟಿದೆ. ಹೊಟ್ಟೆ ಉರಿಯಿತು, ಆದರೂ ಕಟ್ಟಿದೆ.

ಹನ್ನೊಂದು ದಿನ

ವೈರಿಂಗ್ ಕಿಟ್ ಬರಲು, ಹಾಕಲು ಹನ್ನೊಂದು ದಿನ ಹಿಡಿಯಿತು. ಬದಲಿ ಗಾಡಿ ಕೊಡಲಿಲ್ಲ. ಆ ದಿನಗಳಲ್ಲಿ ಬಸ್ಸಿನಲ್ಲಿ ಓಡಾಡಿದೆ, ಗೆಳೆಯನ ಹಳೇ ಸ್ಕೂಟರ್ ಪೆಟ್ರೋಲ್ ಹಾಕಿಕೊಡುವ ಕರಾರಿನ ಮೇಲೆ ಎರವಲು ಪಡೆದೆ. ತಿಂಗಳ ಟಾರ್ಗೆಟ್ ತಪ್ಪಿತು. ಪ್ರೊಬೇಷನ್ ಒಂದು ತಿಂಗಳು ಮುಂದೆ ಹೋಯಿತು. ಅದರ ನಷ್ಟ ಯಾರೂ ತುಂಬಿಕೊಡಲಿಲ್ಲ. ಆದರೆ ಮ್ಯಾನೇಜರ್ ಕೈಗೆ ಐದು ಜಾಬ್ ಕಾರ್ಡುಗಳನ್ನೂ ಕಂಪನಿಯ ಇಮೇಲನ್ನೂ ಕೊಟ್ಟಾಗ ಅವರ ಧ್ವನಿ ಬದಲಾಯಿತು. ‘ಇದನ್ನೆಲ್ಲ ಇಟ್ಕೊಂಡಿದ್ದೀರಲ್ಲ, ಒಳ್ಳೇದಾಯ್ತು’ ಎಂದರು. ಕೆಲಸ ಉಳಿಯಿತು. ಈಗ ಖಾಯಂ ಆಗಿದ್ದೇನೆ.

ಬೈಕ್ ವಾಪಸ್ ಪಡೆಯುವಾಗ ಅದೇ ಐಟಿಐ ಹುಡುಗ ಹಳೆಯ ವೈರಿನ ತುಂಡನ್ನು ತಂದು ತೋರಿಸಿದ. ಹೊಸ ಕಿಟ್‌ಗೆ ಟೈ ಸಡಿಲವಾಗಿ ಹಾಕಿದ್ದನ್ನೂ ತೋರಿಸಿ, ಎಂಜಿನ್ ಸ್ಟಾರ್ಟ್‌ನಲ್ಲಿಟ್ಟು ನನ್ನೆದುರೇ ಇಪ್ಪತ್ತು ಸಲ ಹ್ಯಾಂಡಲ್ ತಿರುಗಿಸಿದ. ಆಮೇಲೆ, ‘ಇಂಥ ಕಂಪ್ಲೇಂಟ್ ಬಂದ್ರೆ ನಾನೀಗ ಮೊದಲು ಇದನ್ನೇ ನೋಡ್ತೀನಿ ಸರ್. ಹೋದ ವಾರ ಇನ್ನೊಂದು ಗಾಡಿ ಬಂದಿತ್ತು, ಟೈ ಅದೇ ಥರ ಬಿಗಿಯಾಗಿತ್ತು. ಸಡಿಲ ಮಾಡಿ ಕಳಿಸಿದೆ’ ಎಂದ. ಆ ಗಾಡಿಯವರಿಗೆ ನನ್ನ ಪರಿಚಯವಿಲ್ಲ. ಯಾವುದೋ ಸರ್ಕಲ್ಲಿನಲ್ಲಿ ಅವರ ಹಿಂದೆಯೂ ಒಂದು ಬಸ್ಸು ಇರಬಹುದಿತ್ತು.

ಒಂದೇ ದೋಷ ಹಲವು ಗಾಡಿಗಳಲ್ಲಿದ್ದರೆ ಅದು ಒಬ್ಬ ಗ್ರಾಹಕನ ಜಗಳವಾಗಿ ಉಳಿಯಬಾರದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ 110–ಎ ಕಲಂ, ಅಪಾಯಕಾರಿ ದೋಷವಿರುವ ವಾಹನಗಳನ್ನು ವಾಪಸ್ ಕರೆಸಿಕೊಳ್ಳುವಂತೆ ತಯಾರಕರಿಗೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಆದರೆ ಲೆಕ್ಕಕ್ಕೆ ಬರುವುದು ಬರೆದ ದೂರುಗಳು ಮಾತ್ರ. ಟೀ ಅಂಗಡಿಯಲ್ಲಿ ಬೈದದ್ದು ಎಲ್ಲೂ ದಾಖಲಾಗುವುದಿಲ್ಲ.

ನಿಮ್ಮ ಬೈಕೂ ಹೀಗೆ ಮಾಡುತ್ತಿದ್ದರೆ

ಎರಡನೇ ಸಲಕ್ಕೇ ಬರೆಯಲು ಶುರು ಮಾಡಿ. ಮೂರನೆಯದಕ್ಕೆ ಕಾಯಬೇಡಿ. ಬೈಕು ನಿಂತ ಕೂಡಲೇ ಮೊದಲು ರಸ್ತೆಯ ಪಕ್ಕಕ್ಕೆ ಬನ್ನಿ, ಆಮೇಲೆ ಮೀಟರ್ ನೋಡಿ, ಆಮೇಲೆ ಫೋನಿನಲ್ಲಿ ಒಂದು ಸಾಲು ಬರೆದುಕೊಳ್ಳಿ.

ಜಾಬ್ ಕಾರ್ಡಿನಲ್ಲಿ ನಿಮ್ಮ ದೂರು ನಿಮ್ಮದೇ ಮಾತಿನಲ್ಲಿರಲಿ. ‘ಸರ್ವಿಸ್’, ‘ಚೆಕಪ್’ ಎಂದು ಬರೆದರೆ ಸಹಿ ಹಾಕಬೇಡಿ. ಪ್ರತಿ ಭೇಟಿಯ ಕಾಗದವನ್ನೂ ಫೋಟೊ ತೆಗೆದಿಡಿ. ಬದಲಾಯಿಸಿದ ಹಳೆಯ ಭಾಗವನ್ನು ತೋರಿಸಲು ಕೇಳಿ. ಟೆಸ್ಟ್ ರೈಡ್‌ಗೆ ನೀವೂ ಹೋಗಿ, ಎಲ್ಲಿ ಕೆಡುತ್ತದೋ ಅಲ್ಲಿಗೇ ಕರೆದೊಯ್ಯಿರಿ.

ಫ್ರೀ ಸರ್ವಿಸ್‌ಗಳನ್ನು ಹೇಳಿದ ದಿನ, ಹೇಳಿದ ಕಿಲೊಮೀಟರಿಗೇ ಮಾಡಿಸಿ. ವಾರಂಟಿ ಮುಗಿಯುವವರೆಗೆ ಹೊರಗಡೆ ಹೆಚ್ಚುವರಿ ಹಾರನ್, ಫಾಗ್ ಲೈಟ್ ಎಂದು ವೈರು ಕತ್ತರಿಸಬೇಡಿ. ವೈರಿಂಗ್ ದೋಷಕ್ಕೆ ನಿಮ್ಮನ್ನೇ ಹೊಣೆ ಮಾಡಲು ಅಷ್ಟು ಸಾಕು.

ಸರ್ವಿಸ್ ಸೆಂಟರಿನ ಹುಡುಗರ ಮೇಲೆ ಕೂಗಾಡಬೇಡಿ. ಅವರೂ ನಮ್ಮ ಹಾಗೆ ಟಾರ್ಗೆಟ್ಟಿನ ಕೆಳಗೆ ಕೂತವರು. ದಿನಕ್ಕೆ ಇಷ್ಟು ಗಾಡಿ ಮುಗಿಸಬೇಕೆಂಬ ಲೆಕ್ಕದಲ್ಲಿ ನಿಮ್ಮ ಒಂದು ಬೈಕಿಗೆ ಎರಡು ಗಂಟೆ ಕೊಡಲು ಅವರಿಗೂ ಕಾರಣ ಬೇಕು. ಆ ಕಾರಣ ನಿಮ್ಮ ನೋಟ್‌ಬುಕ್ಕಿನಲ್ಲಿ ಸಿಗಲಿ.

ನನ್ನ ಬೈಕ್ ಈಗ 17,000 ಕಿ.ಮೀ ದಾಟಿದೆ. ವೈರಿಂಗ್ ಕಿಟ್ ಬದಲಾದ ಮೇಲೆ ಒಮ್ಮೆಯೂ ಆಫ್ ಆಗಿಲ್ಲ. ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇತ್ತು. ಅದನ್ನು ನಮ್ಮ ಬೀದಿಯ ಹುಡುಗನೊಬ್ಬ ತೆಗೆದುಕೊಂಡು ಹೋಗಿದ್ದಾನೆ. ಅವನ ಹೊಸ ಸ್ಕೂಟರ್ ಬೆಳಿಗ್ಗೆ ಹೊತ್ತು ಸ್ಟಾರ್ಟ್ ಆಗುವುದಿಲ್ಲವಂತೆ. ಶೋರೂಮಿಗೆ ಒಯ್ದರೆ ಆಗುತ್ತದಂತೆ.